ಅಳಿಸಲಾಗದ ಲೆಕ್ಕದ ಪುಸ್ತಕ

ಅಣ್ಣತಮ್ಮಂದಿರು ಬೇರೆಯಾಗುವುದು, ನೆರೆಹೊರೆಯವರು ಮಾತು ಬಿಡುವುದು, ಒಳ್ಳೆಯ ಸಂಘಗಳು ಬಾಗಿಲು ಮುಚ್ಚುವುದು ಯಾವಾಗಲೂ ಹಣವಿಲ್ಲದ ಕಾರಣದಿಂದಲ್ಲ. ಅನೇಕ ವೇಳೆ ಲೆಕ್ಕ ಸರಿಯಿಲ್ಲದ ಕಾರಣದಿಂದ. ‘ಕೊಟ್ಟವನು ಕೋಡಂಗಿ, ಇಸಕೊಂಡವನು ಈರಭದ್ರ’ ಎಂಬ ಗಾದೆ ಹುಟ್ಟಿದ್ದು ಅನುಭವದಿಂದಲೇ. ಕೊಟ್ಟದ್ದಕ್ಕೂ ಪಡೆದದ್ದಕ್ಕೂ ಯಾರೂ ಅಳಿಸಲಾಗದ ಒಂದು ದಾಖಲೆ ಇದ್ದಿದ್ದರೆ ಎಷ್ಟು ಮನಸ್ತಾಪಗಳು ತಪ್ಪುತ್ತಿದ್ದುವೋ! ಅಂಥದೊಂದು ಪುಸ್ತಕ ಈಗ ಬಂದಿದೆ ಎಂದು ಹೇಳುತ್ತಾರೆ. ಅದು ನಮ್ಮ ನಿಮ್ಮಂಥ ಗೃಹಸ್ಥರಿಗೆ ಎಷ್ಟರಮಟ್ಟಿಗೆ ಉಪಯೋಗವಾದೀತು ಎಂಬುದೇ ಈ ವಾರದ ವಿಚಾರ.

ಮಂಗಳೂರಿನ ಬಿಜೈಯಲ್ಲಿ, ಕೆ.ಎಸ್.ಆರ್.ಟಿ.ಸಿ. ಬಸ್ಸು ನಿಲ್ದಾಣದಿಂದ ಕಾಲ್ನಡಿಗೆಯ ದೂರದಲ್ಲಿ ಇಪ್ಪತ್ತನಾಲ್ಕು ಮನೆಗಳ ಒಂದು ವಸತಿ ಕಟ್ಟಡವಿದೆ ಎಂದಿಟ್ಟುಕೊಳ್ಳೋಣ. ಮಳೆಗಾಲಕ್ಕೆ ಮುಂಚೆ ತಾರಸಿಯ ಸೋರಿಕೆ ನಿಲ್ಲಿಸಬೇಕೆಂದು ಮನೆಮನೆಯಿಂದ ಹಣ ಕೂಡಿಸಿದ್ದಾಯಿತು. ಖಜಾಂಚಿಯಾಗಿದ್ದವರು ಮೂರನೆಯ ಮಹಡಿಯ ನಿವೃತ್ತ ಟೀಚರು. ವರ್ಷದ ಕೊನೆಗೆ ಲೆಕ್ಕ ಒಪ್ಪಿಸುವಾಗ ಪುಸ್ತಕದಲ್ಲಿ ಇರಬೇಕಾದುದಕ್ಕಿಂತ ಕೈಯಲ್ಲಿದ್ದ ಹಣ 5,400 ರೂಪಾಯಿ ಕಡಮೆ ಬಂದಿತು. ಯಾರೂ ಬಾಯಿಬಿಟ್ಟು ಏನನ್ನೂ ಆಡಲಿಲ್ಲ. ಆದರೆ ಆಡದ ಮಾತಿಗೆ ಮೊನೆ ಹೆಚ್ಚು. ಟೀಚರು ತಮ್ಮ ಪಿಂಚಣಿಯಿಂದ ಆ ಹಣವನ್ನು ತುಂಬಿ, ಪುಸ್ತಕವನ್ನು ಒಂದನೆಯ ಮಹಡಿಯ ರಾಯರ ಕೈಗೆ ಕೊಟ್ಟು, ಮರುದಿನದಿಂದ ಸಭೆಗೆ ಬರುವುದನ್ನೇ ನಿಲ್ಲಿಸಿದರು.

ರಾಯರು ಎಪ್ಪತ್ತಾರು ವರ್ಷದವರು. ಬ್ಯಾಂಕಿನಲ್ಲಿ ಗುಮಾಸ್ತರಾಗಿ ಸೇರಿ ಮ್ಯಾನೇಜರಾಗಿ ನಿವೃತ್ತರಾದವರು. ಈ ಜಿಲ್ಲೆಯಲ್ಲಿ ಅದೇನೂ ವಿಶೇಷವಲ್ಲ. 1906ರಲ್ಲಿ ಅಮ್ಮೆಂಬಳ ಸುಬ್ಬರಾವ್ ಪೈಯವರು ಮಂಗಳೂರಿನಲ್ಲಿ ಸ್ಥಾಪಿಸಿದ ನಿಧಿ ಕೆನರಾ ಬ್ಯಾಂಕಾಗಿ ಬೆಳೆಯಿತು. ಅದೇ ವರ್ಷ ಉಡುಪಿಯಲ್ಲಿ ಕಾರ್ಪೊರೇಷನ್ ಬ್ಯಾಂಕಿನ ಬೇರು ನೆಟ್ಟಿತು. 1924ರಲ್ಲಿ ಕರ್ಣಾಟಕ ಬ್ಯಾಂಕ್, 1925ರಲ್ಲಿ ಸಿಂಡಿಕೇಟ್, 1931ರಲ್ಲಿ ವಿಜಯಾ ಬ್ಯಾಂಕ್ ಹುಟ್ಟಿಕೊಂಡುವು. 2019 ಮತ್ತು 2020ರಲ್ಲಿ ಇವುಗಳಲ್ಲಿ ಮೂರು ಬೇರೆ ಬ್ಯಾಂಕುಗಳಲ್ಲಿ ವಿಲೀನವಾದರೂ, ಲೆಡ್ಜರು ಬರೆದು ಬದುಕಿದ ಮನೆಗಳು ಇಲ್ಲಿ ಬೀದಿಗೆ ಹತ್ತು ಸಿಗುತ್ತವೆ.

ಒಂದು ಶನಿವಾರ ಬೆಳಗ್ಗೆ ಬೆಂಗಳೂರಿನ ಬಸ್ಸಿನಿಂದ ಇಳಿದು ಬಂದ ಮೊಮ್ಮಗ, ಕಾಫಿ ಮುಗಿಯುವ ಮುನ್ನವೇ ಈ ಕಥೆಯನ್ನು ಕೇಳಿ ನಕ್ಕನು. ಅವನು ಸಾಫ್ಟ್‌ವೇರ್ ಇಂಜಿನಿಯರು.

“ಅಜ್ಜಾ, ಈ ಕಾಲದಲ್ಲಿ ಖಜಾಂಚಿ ಯಾಕೆ ಬೇಕು? ಹಣವನ್ನು ಬ್ಲಾಕ್‌ಚೈನಿನ ಮೇಲೆ ಸ್ಮಾರ್ಟ್ ಕಾಂಟ್ರ್ಯಾಕ್ಟಿನಲ್ಲಿ ಇಟ್ಟುಬಿಡಿ. ಇಪ್ಪತ್ತನಾಲ್ಕು ಮನೆಯವರಲ್ಲಿ ಹದಿಮೂರು ಮಂದಿ ಒಪ್ಪಿದರೆ ಹಣ ತಾನಾಗಿ ಹೊರಗೆ ಹೋಗ್ತದೆ. ಯಾರ ಮೇಲೂ ಸಂಶಯ ಬರುವುದೇ ಇಲ್ಲ.”

“ನನಗೆ ಅರ್ಥವಾಗುವ ಹಾಗೆ ಹೇಳು ಮಾರಾಯ. ಅರ್ಥವಾದರೆ ನಾಳೆ ಸಭೆಯಲ್ಲಿ ನಾನೇ ಹೇಳುತ್ತೇನೆ,” ಎಂದರು ರಾಯರು.

ಮೊಮ್ಮಗನಿಗೆ ಅರ್ಥಮಾಡಿಸಲು ಹೆಚ್ಚು ಸಮಯ ಹಿಡಿಯಲಿಲ್ಲ. ಲೆಡ್ಜರಿನ ಒಂದು ಪುಟ ತುಂಬಿದಾಗ ಅದರ ಮೊತ್ತವನ್ನು ಮುಂದಿನ ಪುಟದ ತಲೆಗೆ ‘ಹಿಂದಿನಿಂದ ತಂದದ್ದು’ ಎಂದು ಬರೆಯುತ್ತಾರಷ್ಟೆ? ಬ್ಲಾಕ್‌ಚೈನಿನಲ್ಲಿ ಹಿಂದಿನ ಪುಟದ ಮೊತ್ತವನ್ನಲ್ಲ, ಆ ಪುಟದ ಪ್ರತಿಯೊಂದು ಅಕ್ಷರದಿಂದ ಗಣಿತದ ಮೂಲಕ ಹಿಂಡಿ ತೆಗೆದ ಒಂದು ಗುರುತನ್ನು ಮುಂದಿನ ಪುಟಕ್ಕೆ ತರುತ್ತಾರೆ. ಹಳೆಯ ಪುಟದಲ್ಲಿ ಒಂದು ಸೊನ್ನೆ ತಿದ್ದಿದರೂ ಗುರುತು ಬದಲಾಗಿ, ಆಮೇಲಿನ ಎಲ್ಲ ಪುಟಗಳೂ ತಾಳೆ ತಪ್ಪುತ್ತವೆ. ಇಂಥ ಪುಸ್ತಕದ ಪ್ರತಿ ಒಬ್ಬರಲ್ಲಿ ಅಲ್ಲ, ಲೋಕದ ನಾನಾ ಕಡೆ ಸಾವಿರಾರು ಕಂಪ್ಯೂಟರುಗಳಲ್ಲಿ ಇರುತ್ತದೆ. ಒಂದರಲ್ಲಿ ಕಳ್ಳತನ ನಡೆದರೆ ಉಳಿದವು ಒಪ್ಪುವುದಿಲ್ಲ.

ಸ್ಮಾರ್ಟ್ ಕಾಂಟ್ರ್ಯಾಕ್ಟು ಎಂದರೆ ಆ ಪುಸ್ತಕದಲ್ಲಿಯೇ ಬರೆದಿಟ್ಟ ಕರಾರು. ತಾನೇ ನಡೆದುಕೊಳ್ಳುವ ಕರಾರು. ನಿಕ್ ಸ್ಜಾಬೊ ಎಂಬ ಅಮೆರಿಕದ ವಿದ್ವಾಂಸ 1990ರ ದಶಕದಲ್ಲಿ ಈ ಹೆಸರನ್ನು ಕೊಟ್ಟಾಗ, ನಾಣ್ಯ ಹಾಕಿದರೆ ಪದಾರ್ಥ ಕೊಡುವ ಯಂತ್ರವನ್ನೇ ಉದಾಹರಣೆಯಾಗಿ ತೋರಿಸಿದ್ದನು. ಹಣ ಬಿದ್ದರೆ ಸರಕು ಬರುತ್ತದೆ, ನಡುವೆ ಅಂಗಡಿಯವನಿಲ್ಲ. ಹೀಗೆ ಒಡೆಯನಿಲ್ಲದ ಪುಸ್ತಕದ ಮೇಲೆ ಕಟ್ಟಿದ ಸಾಲದ ವ್ಯವಸ್ಥೆ, ಹರಾಜು, ಆಟ ಮೊದಲಾದುವುಗಳನ್ನೇ ವಿಕೇಂದ್ರೀಕೃತ ಆನ್ವಯಿಕಗಳು ಎನ್ನುತ್ತಾರೆ.

“ಸರಿ, ಪುಸ್ತಕ ಯಾವುದು?” ಎಂದರು ರಾಯರು.

“ಮುಖ್ಯವಾಗಿ ಎರಡುಂಟು ಅಜ್ಜಾ. ಒಂದು ಇಥೀರಿಯಂ, ಇನ್ನೊಂದು ಸೊಲಾನಾ.”

ಇಥೀರಿಯಂ ಹಿರಿಯದು. ರಷ್ಯದಲ್ಲಿ ಹುಟ್ಟಿ ಕೆನಡಾದಲ್ಲಿ ಬೆಳೆದ ವಿಟಾಲಿಕ್ ಬ್ಯುಟೆರಿನ್ ಎಂಬ ಹುಡುಗ 2013ರಲ್ಲಿ, ಹತ್ತೊಂಬತ್ತನೆಯ ವಯಸ್ಸಿನಲ್ಲಿ, ಇದರ ಕಲ್ಪನೆಯನ್ನು ಬರೆದನು. 2015ರ ಜುಲೈ 30ರಂದು ಪುಸ್ತಕದ ಮೊದಲ ಪುಟ ತೆರೆಯಿತು. ಇದರ ನಾಣ್ಯ ಈಥರ್. ಸೊಲಾನಾ ಕಿರಿಯದು. ಕ್ವಾಲ್ಕಾಮ್ ಕಂಪೆನಿಯಲ್ಲಿ ಇಂಜಿನಿಯರಾಗಿದ್ದ ಅನತೋಲಿ ಯಾಕೊವೆಂಕೊ 2017ರಲ್ಲಿ ಇದನ್ನು ಯೋಜಿಸಿದನು. 2020ರ ಮಾರ್ಚಿನಲ್ಲಿ ಇದು ಬಳಕೆಗೆ ಬಂದಿತು. ಕ್ಯಾಲಿಫೋರ್ನಿಯದ ಸೊಲಾನಾ ಬೀಚ್ ಎಂಬ ಕಡಲತೀರದ ಊರೇ ಹೆಸರಿನ ಮೂಲ. ಪಣಂಬೂರಿನ ಹೆಸರಿನಲ್ಲಿ ಒಂದು ಬ್ಯಾಂಕು ತೆರೆದ ಹಾಗೆ.

ಎರಡಕ್ಕೂ ಇರುವ ಅಂತರವನ್ನು ರಾಯರು ಬ್ಯಾಂಕಿನ ಕೌಂಟರಿನ ಮೇಲಿಟ್ಟು ತೂಗಿದರು.

ಇಥೀರಿಯಂ ಒಂದೇ ಕೌಂಟರಿನ ಬ್ಯಾಂಕು. ಬಂದ ವ್ಯವಹಾರಗಳನ್ನು ಒಂದಾದ ಮೇಲೊಂದು ಬರೆಯುತ್ತಾರೆ. ಹನ್ನೆರಡು ಸೆಕೆಂಡಿಗೊಂದು ಪುಟ. ಬಹುಕಾಲ ಸೆಕೆಂಡಿಗೆ ಸುಮಾರು ಹದಿನೈದು ವ್ಯವಹಾರಗಳಿಗಷ್ಟೇ ಅದರಲ್ಲಿ ಸ್ಥಳವಿದ್ದಿತು. ಈಚಿನ ವರ್ಷಗಳಲ್ಲಿ ಸ್ವಲ್ಪ ವಿಸ್ತರಿಸಿದೆ. ಸರದಿ ಉದ್ದವಾದಾಗ ಹೆಚ್ಚು ಶುಲ್ಕ ಕೊಟ್ಟವನಿಗೆ ಮೊದಲ ಸ್ಥಾನ. 2021ರ ಭರಾಟೆಯಲ್ಲಿ ಒಂದು ಸಣ್ಣ ವ್ಯವಹಾರಕ್ಕೂ ಹತ್ತಾರು ಡಾಲರ್ ತೆತ್ತವರುಂಟು. ಈ ಒತ್ತಡವನ್ನು ಇಳಿಸಲು ಇಥೀರಿಯಂಗೆ ಹೊಂದಿಕೊಂಡು ನಡೆಯುವ ಉಪಜಾಲಗಳು ಹುಟ್ಟಿದುವು. ಭಾರತದ ಯುವಕರು 2017ರಲ್ಲಿ ‘ಮ್ಯಾಟಿಕ್’ ಎಂದು ಆರಂಭಿಸಿ 2021ರಲ್ಲಿ ‘ಪಾಲಿಗಾನ್’ ಎಂದು ಹೆಸರಿಸಿದ ಸಂಸ್ಥೆಗೆ ಕೀರ್ತಿ ಬಂದದ್ದು ಈ ಮಾರ್ಗದಲ್ಲಿಯೇ. 2024ರ ಮಾರ್ಚಿನ ಸುಧಾರಣೆಯ ತರುವಾಯ ಇಂಥ ಉಪಜಾಲಗಳ ಶುಲ್ಕ ಬಹಳ ಇಳಿದಿದೆ.

ಸೊಲಾನಾ ಅನೇಕ ಕೌಂಟರುಗಳ ಬ್ಯಾಂಕು. ಅಲ್ಲಿ ಪ್ರತಿಯೊಂದು ವ್ಯವಹಾರವೂ ತಾನು ಯಾವ ಯಾವ ಖಾತೆಗಳನ್ನು ಮುಟ್ಟುತ್ತದೆ ಎಂಬುದನ್ನು ಮೊದಲೇ ಹೇಳಬೇಕು. ಒಬ್ಬನದು ಒಂದು ಖಾತೆ, ಇನ್ನೊಬ್ಬನದು ಬೇರೆ ಖಾತೆ ಎಂದು ತಿಳಿದ ಕೂಡಲೆ ಎರಡನ್ನೂ ಏಕಕಾಲದಲ್ಲಿ ಬರೆಯಬಹುದು. ಯಾರು ಮೊದಲು, ಯಾರು ಅನಂತರ ಎಂಬ ಜಗಳ ಬಾರದಂತೆ ಒಂದು ಗಣಿತದ ಗಡಿಯಾರವೂ ಅಲ್ಲಿ ಉಂಟು. ಒಂದು ಲೆಕ್ಕದ ಉತ್ತರವನ್ನೇ ಮುಂದಿನ ಲೆಕ್ಕಕ್ಕೆ ಪ್ರಶ್ನೆಯಾಗಿ ಕೊಡುತ್ತ ಹೋಗುವ ಆ ಸರಪಣಿ, ಹಿಂದಿನ ಕಾಲದ ಬ್ಯಾಂಕಿನ ಹಿತ್ತಾಳೆಯ ಟೋಕನುಗಳಂತೆ ಸರದಿಯನ್ನು ತೋರಿಸುತ್ತದೆ. ಒಂದು ಸೆಕೆಂಡಿನ ಅರ್ಧಕ್ಕಿಂತ ಕಡಮೆ ಅವಧಿಯಲ್ಲಿ ಒಂದು ಪುಟ ಸಿದ್ಧ. ವ್ಯವಹಾರಗಳು ಸೆಕೆಂಡಿಗೆ ಸಾವಿರದ ಲೆಕ್ಕದಲ್ಲಿ. ಕನಿಷ್ಠ ಶುಲ್ಕ ಒಂದು ರೂಪಾಯಿಗೂ ಬಹಳ ಕಡಮೆ. ಬರೆದದ್ದು ಇನ್ನು ಬದಲಾಗದು ಎಂಬ ಖಾತರಿಗೆ ಇಥೀರಿಯಂನಲ್ಲಿ ಸುಮಾರು ಹದಿಮೂರು ನಿಮಿಷ ಕಾಯಬೇಕಾದರೆ ಇಲ್ಲಿ ಹದಿನೈದು ಸೆಕೆಂಡು ಸಾಕು.

“ಹಾಗಾದರೆ ಸೊಲಾನಾವೇ ಒಳ್ಳೆಯದಲ್ಲವೇನ್ರಿ?” ಎಂದರು ಒಳಗಿನಿಂದ ರಾಯರ ಪತ್ನಿ.

“ಸ್ವಲ್ಪ ತಾಳು. ಬೇಗ ಬರೆಯುವ ಗುಮಾಸ್ತ ಎಂದು ಹೇಳಿದ ಕೂಡಲೆ, ಅವನು ಎಷ್ಟು ದಿನ ರಜೆ ಹಾಕಿದ್ದಾನೆ ಎಂದು ಕೇಳುವುದು ನನ್ನ ಪದ್ಧತಿ,” ಎಂದರು ರಾಯರು.

ಪ್ರಶ್ನೆ ಸರಿಯಾದ ಸ್ಥಳಕ್ಕೇ ತಗುಲಿತು. 2021ರ ಸೆಪ್ಟೆಂಬರ್ 14ರಂದು ಸೊಲಾನಾ ವ್ಯವಹಾರಗಳ ಪ್ರವಾಹವನ್ನು ತಾಳಲಾರದೆ ಸುಮಾರು ಹದಿನೇಳು ಗಂಟೆ ನಿಂತುಹೋಗಿದ್ದಿತು. 2024ರ ಫೆಬ್ರವರಿ 6ರಂದು ಮತ್ತೆ ಐದು ಗಂಟೆಗಳ ಹೊತ್ತು ನಿಂತಿತು. ಯಂತ್ರಗಳನ್ನು ನಡೆಸುವವರೆಲ್ಲ ಮಾತನಾಡಿಕೊಂಡು ಒಟ್ಟಾಗಿ ಪುನಃ ಚಾಲನೆ ಕೊಡಬೇಕಾಯಿತು. ಇಥೀರಿಯಂ ನಿಧಾನವಾದರೂ ಹೀಗೆ ಸಂಪೂರ್ಣವಾಗಿ ಬಾಗಿಲು ಹಾಕಿದ್ದಿಲ್ಲ.

ಅದಕ್ಕೊಂದು ಕಾರಣವುಂಟು. ಇಥೀರಿಯಂನ ಪ್ರತಿಯನ್ನು ಒಳ್ಳೆಯ ದರ್ಜೆಯ ಮನೆಯ ಕಂಪ್ಯೂಟರಿನಲ್ಲೂ ಇಟ್ಟುಕೊಂಡು ತಾಳೆ ನೋಡಬಹುದು. ಪುಟ ಬರೆಯುವ ಅಧಿಕಾರ ಬೇಕಾದವರು ಮಾತ್ರ 32 ಈಥರ್ ಠೇವಣಿ ಇಡಬೇಕು. ಮೋಸ ಮಾಡಿದರೆ ಠೇವಣಿಗೆ ಕತ್ತರಿ. ಮೊದಲು ಯಂತ್ರಗಳನ್ನು ಹಗಲಿರುಳು ಓಡಿಸಿ ಒಗಟು ಬಿಡಿಸಿದವರಿಗೆ ಆ ಅಧಿಕಾರ ದೊರೆಯುತ್ತಿದ್ದಿತು. 2022ರ ಸೆಪ್ಟೆಂಬರ್ 15ರಂದು ಠೇವಣಿಯ ಪದ್ಧತಿ ಬಂದ ಮೇಲೆ ವಿದ್ಯುತ್ತಿನ ಖರ್ಚು ಶೇಕಡ 99ಕ್ಕಿಂತಲೂ ಹೆಚ್ಚು ಇಳಿಯಿತು. ಸೊಲಾನಾದಲ್ಲಿಯೂ ಠೇವಣಿಯುಂಟು; ಆದರೆ ಅದರ ವೇಗಕ್ಕೆ ತಕ್ಕ ಯಂತ್ರಕ್ಕೆ 256 ಗಿಗಾಬೈಟಿಗೆ ಕಡಮೆಯಿಲ್ಲದ ಸ್ಮೃತಿ ಬೇಕು. ಅದು ಮನೆಯಲ್ಲಿಡುವ ಕಂಪ್ಯೂಟರಲ್ಲ. ಪುಸ್ತಕವನ್ನು ತಾಳೆ ನೋಡುವ ಕೈಗಳು ಸಹಜವಾಗಿ ಕಡಮೆಯಾಗುತ್ತವೆ. ವೇಗಕ್ಕಾಗಿ ತೆತ್ತ ಬೆಲೆ ಇದು.

ಇನ್ನೊಂದು ಅಂತರವನ್ನು ಮೊಮ್ಮಗ ಸಣ್ಣದೆಂದು ಹೇಳಿದನು. ರಾಯರಿಗೆ ಅದೇ ದೊಡ್ಡದಾಗಿ ಕಂಡಿತು. ಇಥೀರಿಯಂನಲ್ಲಿ ಸಾಲಿಡಿಟಿ ಎಂಬ ಭಾಷೆಯಲ್ಲಿ ಬರೆದು ಒಮ್ಮೆ ಸೇರಿಸಿದ ಕರಾರನ್ನು, ಬದಲಾವಣೆಗೆ ಮೊದಲೇ ದಾರಿ ಬಿಟ್ಟಿರದಿದ್ದರೆ, ಬರೆದವನೂ ತಿದ್ದಲಾರ. ಸೊಲಾನಾದಲ್ಲಿ ಸಾಮಾನ್ಯವಾಗಿ ರಸ್ಟ್ ಎಂಬ ಭಾಷೆಯಲ್ಲಿ ಬರೆಯುವ ಕರಾರನ್ನು, ಬೀಗದ ಕೈ ಇಟ್ಟುಕೊಂಡವನು ಅದನ್ನು ತ್ಯಜಿಸುವವರೆಗೆ ತಿದ್ದಬಹುದು. ತಪ್ಪನ್ನು ಸರಿಪಡಿಸಲು ಅದು ಅನುಕೂಲ. ಆದರೆ ಬೀಗದ ಕೈ ಇರುವವನನ್ನು ನಂಬಬೇಕು.

“ಅಂದರೆ ಖಜಾಂಚಿ ಹೋದನೆಂದು ನೀನು ಹೇಳಿದೆ. ಹೋಗಲಿಲ್ಲ. ಹೆಸರು ಬದಲಾಯಿಸಿಕೊಂಡ,” ಎಂದರು ರಾಯರು.

ತಿದ್ದಲಾಗದ ಕರಾರಿನಲ್ಲಿಯೂ ಅಪಾಯವಿಲ್ಲದಿಲ್ಲ. 2016ರಲ್ಲಿ ಇಥೀರಿಯಂ ಮೇಲೆ ‘ದಿ ಡಾವೊ’ ಎಂಬ ಸಾಮೂಹಿಕ ನಿಧಿ ಸ್ಥಾಪನೆಯಾಯಿತು. ಅಧ್ಯಕ್ಷರಿಲ್ಲ, ಖಜಾಂಚಿಯಿಲ್ಲ, ಸದಸ್ಯರ ಮತವೇ ಅಂತಿಮ. ಬಿಜೈಯ ಕಟ್ಟಡಕ್ಕೆ ಮೊಮ್ಮಗ ಸೂಚಿಸಿದಂಥದೇ ವ್ಯವಸ್ಥೆ. ಜೂನ್ 17ರಂದು ಯಾರೋ ಒಬ್ಬನು ಅದರಿಂದ ಸುಮಾರು 36 ಲಕ್ಷ ಈಥರನ್ನು ಹೀರಿಕೊಂಡನು. ಕರಾರು ಹಣವನ್ನು ಮೊದಲು ಕೊಟ್ಟು, ಖಾತೆಯಲ್ಲಿ ಖರ್ಚನ್ನು ಆಮೇಲೆ ಬರೆಯುತ್ತಿದ್ದಿತು. ಬರೆಯುವುದಕ್ಕೆ ಮುನ್ನವೇ ಅವನು ಮತ್ತೆ ಕೇಳಿದನು, ಮತ್ತೆ ಕೊಟ್ಟಿತು, ಪುನಃ ಕೇಳಿದನು.

ರಾಯರು ಇದನ್ನು ಕೇಳಿ ಗಟ್ಟಿಯಾಗಿ ನಕ್ಕುಬಿಟ್ಟರು. “ಖಾತೆಗೆ ಖರ್ಚು ಹಾಕದೆ ಕ್ಯಾಶು ಕೊಡಬಾರದೆಂದು ನಾನು ಕೆಲಸಕ್ಕೆ ಸೇರಿದ ಮೊದಲನೆಯ ವಾರದಲ್ಲಿಯೇ ಕಲಿಸಿದ್ದರಲ್ಲ!”

ಹಣವನ್ನು ಹಿಂದಕ್ಕೆ ಪಡೆಯುವುದಕ್ಕೋಸ್ಕರ ಆ ವರ್ಷದ ಜುಲೈ 20ರಂದು ಇಥೀರಿಯಂ ಜನ ತಮ್ಮ ಪುಸ್ತಕದ ಹಾದಿಯನ್ನೇ ಬದಲಾಯಿಸಿದರು. ಅಳಿಸಲಾಗದೆಂದ ಮೇಲೆ ಅಳಿಸಬಾರದು ಎಂದು ಹಟ ಹಿಡಿದವರು ಹಳೆಯ ಪುಸ್ತಕವನ್ನೇ ಮುಂದುವರಿಸಿದರು. ಅದು ಇಂದಿಗೂ ‘ಇಥೀರಿಯಂ ಕ್ಲಾಸಿಕ್’ ಎಂದು ನಡೆಯುತ್ತಿದೆ. ಮನುಷ್ಯರ ಜಗಳ ಯಂತ್ರದೊಳಕ್ಕೂ ಬಂದು ಮನೆ ಎರಡು ಪಾಲಾಯಿತು.

ಸೊಲಾನಾದ ಕಡೆಯ ಪಾಠ 2022ರ ಫೆಬ್ರವರಿಯದು. ಒಂದು ಜಾಲದಿಂದ ಇನ್ನೊಂದಕ್ಕೆ ಹಣ ದಾಟಿಸುವ ‘ವರ್ಮ್‌ಹೋಲ್’ ಎಂಬ ಸೇತುವೆಯಿಂದ 1,20,000 ಈಥರ್ ಬೆಲೆಯ ಹಣ ಕಳವಾಯಿತು. ರುಜು ಸರಿಯೇ ಎಂದು ನೋಡುವ ವ್ಯವಸ್ಥೆಯೇನೋ ಅಲ್ಲಿ ಇದ್ದಿತು; ಆದರೆ ಯಾವ ಪುಸ್ತಕದ ಜೊತೆ ತಾಳೆ ನೋಡಬೇಕೋ ಆ ಪುಸ್ತಕ ತನ್ನದೇ ಹೌದೇ ಎಂದು ಕರಾರು ನೋಡಲಿಲ್ಲ. ಕಳ್ಳನು ಮಾದರಿ ರುಜುವಿನ ಪುಸ್ತಕವನ್ನೇ ತನ್ನ ಜೊತೆ ತಂದು ಕೌಂಟರಿನ ಮೇಲಿಟ್ಟ ಹಾಗಾಯಿತು. ಸೇತುವೆಯ ಹಿಂದಿದ್ದ ಸಂಸ್ಥೆ ನಷ್ಟವನ್ನು ತುಂಬಿಕೊಟ್ಟದ್ದರಿಂದ ಜನ ಉಳಿದುಕೊಂಡರು.

ಇಷ್ಟಾದ ಮೇಲೂ ಎರಡು ತೊಡಕುಗಳು ಉಳಿದುವು. ಮೊದಲನೆಯದು ಹಣದ್ದು. ಈ ಪುಸ್ತಕಗಳ ಶುಲ್ಕವನ್ನು ರೂಪಾಯಿಯಲ್ಲಿ ಕಟ್ಟುವಂತಿಲ್ಲ. ಅವುಗಳ ನಾಣ್ಯವನ್ನು ಕೊಂಡೇ ಕಟ್ಟಬೇಕು. 2020ರ ಮಾರ್ಚ್ 4ರಂದು ಸುಪ್ರೀಂ ಕೋರ್ಟು ರಿಸರ್ವ್ ಬ್ಯಾಂಕಿನ 2018ರ ನಿರ್ಬಂಧವನ್ನು ರದ್ದುಪಡಿಸಿದ್ದರಿಂದ ಕೊಳ್ಳಲು ಅಡ್ಡಿಯೇನೂ ಇಲ್ಲ. ಆದರೆ ಅದು ಸರಕಾರದ ಮುದ್ರೆಯ ಹಣವಲ್ಲ. 2022ರ ಏಪ್ರಿಲ್ 1ರಿಂದ ಅದರ ಲಾಭಕ್ಕೆ ಶೇಕಡ 30 ತೆರಿಗೆಯೂ, ಜುಲೈ 1ರಿಂದ ವರ್ಗಾವಣೆಗೆ ಶೇಕಡ 1 ಮೂಲದಲ್ಲಿ ಕಡಿತವೂ ಬಂದಿವೆ. ಬೆಲೆಯೋ ಕಡಲಿನ ಉಬ್ಬರವಿಳಿತ. ತಾರಸಿಗೆಂದು ಕೂಡಿಸಿದ ಹಣ ಮಳೆ ಬರುವಷ್ಟರಲ್ಲಿ ಅರ್ಧವಾಗಿದ್ದರೆ ಯಾರನ್ನು ಕೇಳುವುದು?

ಎರಡನೆಯದು ಇನ್ನೂ ಆಳವಾದುದು. ಪುಸ್ತಕಕ್ಕೆ ಕಣ್ಣಿಲ್ಲ. ತಾರಸಿಯ ಸೋರಿಕೆ ನಿಂತಿತೇ ಇಲ್ಲವೇ ಎಂಬುದನ್ನು ಇಥೀರಿಯಂ ಅರಿಯದು, ಸೊಲಾನಾವೂ ಅರಿಯದು. ಯಾರಾದರೊಬ್ಬರು ಮೇಲೆ ಹತ್ತಿ ನೋಡಿ ಹೇಳಬೇಕು. ಅವರ ಮಾತನ್ನು ನಂಬಬೇಕು.

ಈ ವಿದ್ಯೆ ವ್ಯರ್ಥವೆಂದು ಇದರಿಂದ ಭಾವಿಸಬಾರದು. ಒಬ್ಬರನ್ನೊಬ್ಬರು ಕಾಣದವರು ವ್ಯವಹರಿಸುವ ಕಡೆ ಇದಕ್ಕೆ ನಿಜವಾದ ಬೆಲೆಯುಂಟು. ದೇಶದ ಕಾಫಿಯಲ್ಲಿ ಸುಮಾರು ಶೇಕಡ 70 ಕರ್ನಾಟಕದ್ದು. ಬೆಂಗಳೂರಿನ ಕಾಫಿ ಮಂಡಳಿ 2019ರ ಮಾರ್ಚ್ 28ರಂದು ಬ್ಲಾಕ್‌ಚೈನ್ ಆಧಾರದ ಕಾಫಿ ಮಾರುಕಟ್ಟೆಯನ್ನು ಪ್ರಯೋಗವಾಗಿ ಆರಂಭಿಸಿತು. ಬೀಜ ಯಾವ ತೋಟದ್ದು, ಯಾರ ಕೈಗಳನ್ನು ದಾಟಿ ಬಂದಿತು ಎಂಬುದು ದೂರದೇಶದಲ್ಲಿ ಕಾಫಿ ಕುಡಿಯುವವನಿಗೂ ತಿಳಿಯಲಿ, ಬೆಳೆದವನಿಗೆ ನ್ಯಾಯವಾದ ಬೆಲೆ ಸಿಗಲಿ ಎಂಬುದು ಉದ್ದೇಶ. ಕೊಡಗಿನ ಬೆಳೆಗಾರನೂ ಯುರೋಪಿನ ವರ್ತಕನೂ ಬಿಜೈಯ ನೆರೆಹೊರೆಯವರಂತೆ ಮೆಟ್ಟಿಲ ಮೇಲೆ ಎದುರಾಗುವವರಲ್ಲ. 2020ರ ಜನವರಿ 18ರಂದು ಬೆಂಗಳೂರಿನಲ್ಲಿಯೇ ರಾಷ್ಟ್ರೀಯ ಮಾಹಿತಿ ಕೇಂದ್ರದ ಬ್ಲಾಕ್‌ಚೈನ್ ಉತ್ಕೃಷ್ಟತಾ ಕೇಂದ್ರ ಉದ್ಘಾಟನೆಯಾಯಿತು. 2024ರ ಸೆಪ್ಟೆಂಬರ್ 4ರಂದು ಕೇಂದ್ರ ಸರಕಾರ ‘ವಿಶ್ವಸ್ಯ’ ಎಂಬ ವ್ಯವಸ್ಥೆಯನ್ನು ಹೊರತಂದಿತು. ಇದು ಇಥೀರಿಯಂ, ಸೊಲಾನಾಗಳಂತೆ ಯಾರು ಬೇಕಾದರೂ ಬರೆಯಬಹುದಾದ ಪುಸ್ತಕವಲ್ಲ; ಅಪ್ಪಣೆ ಪಡೆದವರು ಮಾತ್ರ ಬರೆಯುವಂಥದು. ಸರಕಾರಿ ದಾಖಲೆಗಳಿಗೆ ಅದೇ ಹೊಂದುತ್ತದೆ.

ಶನಿವಾರ ರಾತ್ರಿ ಊಟವಾದ ಮೇಲೆ ರಾಯರು ಟೀಚರ ಲೆಕ್ಕದ ಪುಸ್ತಕವನ್ನೂ, ಬಿಲ್ಲುಗಳಿದ್ದ ಹಳೆಯ ಬಿಸ್ಕತ್ತಿನ ಡಬ್ಬಿಯನ್ನೂ ಮೇಜಿನ ಮೇಲೆ ಇಟ್ಟುಕೊಂಡು ಕುಳಿತರು. 5,400ನ್ನು ಒಂಬತ್ತರಿಂದ ಭಾಗಿಸಿದರು: 600, ಶೇಷವಿಲ್ಲ. ವ್ಯತ್ಯಾಸ ಒಂಬತ್ತರಿಂದ ನಿಶ್ಶೇಷವಾಗಿ ಭಾಗವಾದರೆ, ಅಂಕಿಗಳು ಹಿಂದುಮುಂದಾಗಿವೆಯೇ ಎಂದು ಮೊದಲು ನೋಡಬೇಕೆಂಬುದು ಲೆಡ್ಜರು ಬರೆದವರ ಹಳೆಯ ಸೂತ್ರ. ಅರ್ಧ ಗಂಟೆಯಲ್ಲಿ ನೀರಿನ ಪಂಪು ರಿಪೇರಿಯ ಬಿಲ್ಲು ಕೈಗೆ ಬಂದಿತು. ಬಿಲ್ಲಿನಲ್ಲಿ 28,200, ಪುಸ್ತಕದಲ್ಲಿ 22,800. ಕೊಟ್ಟದ್ದು ಸರಿಯಾಗಿಯೇ ಕೊಟ್ಟಿದ್ದರು. ಬರೆಯುವಾಗ ಎರಡು ಅಂಕಿಗಳು ಸ್ಥಳ ಬದಲಾಯಿಸಿದ್ದುವು.

ಮೊಮ್ಮಗ ಬಹಳ ಹೊತ್ತು ಆ ಪುಟವನ್ನೇ ನೋಡುತ್ತಿದ್ದನು.

“ಇದನ್ನು ನಿನ್ನ ಪುಸ್ತಕದಲ್ಲಿ ಬರೆದಿದ್ದರೆ?” ಎಂದರು ರಾಯರು.

“ತಪ್ಪೇ ಶಾಶ್ವತವಾಗಿ ಉಳಿಯುತ್ತಿತ್ತು ಅಜ್ಜಾ. ಸಾವಿರಾರು ಕಂಪ್ಯೂಟರುಗಳೂ ಅದೇ ಸರಿ ಎಂದು ಹೇಳುತ್ತಿದ್ದುವು.”

ಭಾನುವಾರದ ಸಭೆಗೆ ಮುನ್ನ ರಾಯರು ಮೂರನೆಯ ಮಹಡಿಗೆ ತಾವೇ ಹತ್ತಿಹೋಗಿ ಟೀಚರನ್ನು ಕರೆದುಕೊಂಡು ಬಂದರು. ಬಿಲ್ಲು ಕೈಯಿಂದ ಕೈಗೆ ಹೋಯಿತು. ಕೆಲವರು ನೆಲ ನೋಡಿದರು. 5,400 ರೂಪಾಯಿಯನ್ನು ಟೀಚರಿಗೆ ಹಿಂದಿರುಗಿಸಬೇಕೆಂದು ಗೊತ್ತಾಯಿತು. ಅದಕ್ಕೆ ಯಾರ ಮತವನ್ನೂ ಎಣಿಸಬೇಕಾಗಲಿಲ್ಲ. ಬಳಿಕ ಮಾಡಿದ ನಿರ್ಣಯಗಳು ಸರಳ. ಹಣ ಬ್ಯಾಂಕಿನಲ್ಲಿ ಇರಬೇಕು. ಮೂವರಲ್ಲಿ ಇಬ್ಬರ ರುಜುವಿಲ್ಲದೆ ಹೊರಗೆ ಹೋಗಬಾರದು. ಪ್ರತಿ ತಿಂಗಳ ಲೆಕ್ಕದ ಹಾಳೆಯ ತಲೆಯಲ್ಲಿ ಹಿಂದಿನ ತಿಂಗಳ ಶಿಲ್ಕು ಇರಬೇಕು. ಬಿಲ್ಲುಗಳ ಪ್ರತಿಯೊಡನೆ ಅದು ಇಪ್ಪತ್ತನಾಲ್ಕು ಮನೆಗಳಿಗೂ ಹೋಗಬೇಕು. ಕೊನೆಯದನ್ನು ಸೂಚಿಸಿದವನು ಮೊಮ್ಮಗ. ಸರಪಣಿಯ ಗುಣವನ್ನು ಅವನು ಕಾಗದಕ್ಕೆ ಇಳಿಸಿದ್ದನು.

ಇಥೀರಿಯಂ ಮೇಲೋ ಸೊಲಾನಾ ಮೇಲೋ ಎಂದು ಕೇಳುವವರಿಗೆ ಉತ್ತರ ಹೀಗಿದೆ. ಎಂದೂ ನಿಲ್ಲಬಾರದು, ಅನೇಕ ಕಣ್ಣುಗಳು ತಾಳೆ ನೋಡುತ್ತಿರಬೇಕು, ನಿಧಾನವಾದರೂ ಚಿಂತೆಯಿಲ್ಲ ಎಂಬ ದೊಡ್ಡ ಮೊತ್ತಕ್ಕೆ ಇಥೀರಿಯಂ. ಸಣ್ಣ ಮೊತ್ತ, ಬಹಳ ವ್ಯವಹಾರ, ಕ್ಷಣದಲ್ಲಿ ಆಗಬೇಕು, ಎಂದಾದರೊಮ್ಮೆ ನಿಂತರೂ ಸಹಿಸಬಹುದು ಎನ್ನುವ ಕಡೆ ಸೊಲಾನಾ. ಒಂದೇ ಮೆಟ್ಟಿಲು ಹತ್ತಿ ಇಳಿಯುವ ನೆರೆಹೊರೆಯವರಿಗೆ ಎರಡೂ ಬೇಡ. ಅವರಿಗೆ ಬೇಕಾದುದು ಎಲ್ಲರೂ ನೋಡಬಹುದಾದ ಒಂದು ಹಾಳೆ; ಮತ್ತು ಲೆಕ್ಕ ತಪ್ಪಿದಾಗ ಮನುಷ್ಯನನ್ನು ಸಂಶಯಿಸುವ ಮೊದಲು ಬಿಲ್ಲನ್ನು ಹುಡುಕುವ ತಾಳ್ಮೆ.

ಆ ಕಟ್ಟಡದ ಖಜಾಂಚಿ ಈಗ ಮತ್ತೆ ಟೀಚರೇ.